ಗಂಡಿಗೆ 46, ಹೆಣ್ಣಿಗೆ 31 ವರ್ಷ: ಮಗುವಿಗೆ ಮಾನಸಿಕ ಕಾಯಿಲೆ ಬರುವ ಸಾಧ್ಯತೆ ಎಷ್ಟು?

ಪೆರ್ಲದಂಚು:
ನಮ್ಮ ಕಾಸರಗೋಡು ಕಡೆ ತೋಟದ ಹುಡುಗರು ಮದುವೆಯಾಗುವಾಗ ನಲ್ವತ್ತು ದಾಟುವುದು ಈಗ ಹೊಸತಲ್ಲ. ಅಪ್ಪನ ಪ್ರಾಯ ಹೆಚ್ಚಾದರೆ ಮಗುವಿಗೆ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳುವ, ಇಲ್ಲದ್ದನ್ನು ನಂಬುವ ಮಾನಸಿಕ ಕಾಯಿಲೆ) ಬರುವುದು ಮೂರು ಪಟ್ಟು ಎಂದು ವಾಟ್ಸಾಪಿನಲ್ಲಿ ತಿರುಗುತ್ತಾ ಉಂಟು. ನಿಜವಾ? ಮೊದಲೇ ತಿಳಿಯುವ ಟೆಸ್ಟ್ ಉಂಟಾ?

ವಂಶವಾಹಿ:
ಆ ಲೆಕ್ಕ ಜೆರುಸಲೇಮಿನ ಒಂದು ಅಧ್ಯಯನದ್ದು, 2001ರದ್ದು. 25ಕ್ಕಿಂತ ಸಣ್ಣ ಪ್ರಾಯದ ಅಪ್ಪಂದಿರಿಗೆ ಹೋಲಿಸಿದರೆ 45–49ರವರ ಮಕ್ಕಳಲ್ಲಿ ಸುಮಾರು ಎರಡು ಪಟ್ಟು, 50 ದಾಟಿದವರಲ್ಲಿ ಹತ್ತಿರ ಹತ್ತಿರ ಮೂರು ಪಟ್ಟು. ಆದರೆ ಯಾವುದರ ಎರಡು ಪಟ್ಟು? ಈ ಕಾಯಿಲೆ ಜೀವಮಾನದಲ್ಲಿ ಬರುವುದೇ ನೂರರಲ್ಲಿ ಹೆಚ್ಚೆಂದರೆ ಒಬ್ಬರಿಗೆ. ಎರಡು ಪಟ್ಟಾದರೂ ನೂರರಲ್ಲಿ 98 ಮಕ್ಕಳಿಗೆ ಬರುವುದಿಲ್ಲ. ವಾಟ್ಸಾಪಿನವರು ಬಿಡುವುದು ಈ ಸಾಲನ್ನೇ.

ಕಾರಣ ಹೀಗೆ: ಹೆಣ್ಣಿನ ಅಂಡಾಣುಗಳು ಅವಳು ಹುಟ್ಟುವ ಮೊದಲೇ ತಯಾರು. ಗಂಡಿನ ವೀರ್ಯಾಣುವಿನ ಮೂಲಕೋಶ ಮಾತ್ರ ವರ್ಷಕ್ಕೆ ಸುಮಾರು 23 ಸಲ ಎರಡಾಗಿ ಒಡೆಯುತ್ತಾ ಇರುತ್ತದೆ. ಪ್ರತಿ ಸಲ ಡಿಎನ್‌ಎ ನಕಲಾಗಬೇಕು, ನಕಲಿನಲ್ಲಿ ತಪ್ಪು ನುಸುಳುತ್ತದೆ. 2012ರ ಐಸ್‌ಲ್ಯಾಂಡ್ ಅಧ್ಯಯನದ ಪ್ರಕಾರ ಇಪ್ಪತ್ತರ ಅಪ್ಪನಿಂದ ಮಗುವಿಗೆ ಸುಮಾರು 25 ಹೊಸ ಮ್ಯುಟೇಶನ್ (ಇಂಥ ನಕಲಿನ ತಪ್ಪು), ನಲ್ವತ್ತರವನಿಂದ 65. ತಾಯಿಯಿಂದ 15ರ ಆಸುಪಾಸು. ಹೆಚ್ಚಿನವು ಏನೂ ಮಾಡದ ಜಾಗದಲ್ಲಿ ಬೀಳುತ್ತವೆ.

ಗಡಿನಾಡು:
ಮ್ಯುಟೇಶನ್ ಒಂದನ್ನೇ ಹಿಡಿದರೆ ಆಗದು. ಡೆನ್ಮಾರ್ಕಿನ 2011ರ ಅಧ್ಯಯನದಲ್ಲಿ ಲೆಕ್ಕಕ್ಕೆ ಬಂದದ್ದು ಕಾಯಿಲೆ ಬಂದ ಮಗು ಹುಟ್ಟುವಾಗಿನ ಅಪ್ಪನ ಪ್ರಾಯ ಅಲ್ಲ, ಮೊದಲ ಮಗುವಿನ ಹೊತ್ತಿನ ಪ್ರಾಯ. ಅಂದರೆ ಕಾಯಿಲೆಯ ಎಳೆ ಇರುವ ಗಂಡಸರೇ ತಡವಾಗಿ ಸಂಸಾರ ಹೂಡುತ್ತಾರೋ ಎಂಬ ಸಂಶಯ. ಸ್ವೀಡನ್ನಿನವರು 2014ರಲ್ಲಿ ಒಂದೇ ಅಪ್ಪನ ಮಕ್ಕಳನ್ನೇ ಹೋಲಿಸಿದಾಗ ಅಪಾಯ ಉಳಿದೇ ಇತ್ತು, ಹಾಗಾಗಿ ಚರ್ಚೆ ಮುಗಿದಿಲ್ಲ. ಆದರೆ ನಮ್ಮಲ್ಲಿ ತಡವಾಗುವುದು ಸ್ವಭಾವದಿಂದಲ್ಲ ಮಾರಾಯ್ರೆ, ತೋಟದ ಮನೆಗೆ ಹೆಣ್ಣು ಕೊಡುವವರಿಲ್ಲದೆ! ಕೇಳಬೇಕಾದ ಪ್ರಶ್ನೆ ಬೇರೆ: ಎರಡೂ ಮನೆಗಳಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತಾ? ಅಪ್ಪ ಅಥವಾ ಅಮ್ಮನಿಗಿದ್ದರೆ ಮಗುವಿಗೆ ಸುಮಾರು ನೂರರಲ್ಲಿ ಹತ್ತು. ಅದರ ಮುಂದೆ ಪ್ರಾಯದ ಲೆಕ್ಕ ಸಣ್ಣದು.

ಪೆರ್ಲದಂಚು:
ಎರಡೂ ಕಡೆ ಇಲ್ಲ. ಸ್ಕ್ಯಾನಿನಲ್ಲಿ?

ವಂಶವಾಹಿ:
ಕಾಣುವುದಿಲ್ಲ. 11–13 ವಾರದ ಎನ್‌ಟಿ ಸ್ಕ್ಯಾನ್ (ಮಗುವಿನ ಕತ್ತಿನ ಹಿಂದಿನ ನೀರಿನ ಅಳತೆ) ಡೌನ್ ಸಿಂಡ್ರೋಮಿನಂಥವಕ್ಕೆ, 18–20 ವಾರದ್ದು ಅಂಗಾಂಗಕ್ಕೆ. ವೀರ್ಯ ಪರೀಕ್ಷೆ ಸಂಖ್ಯೆ, ಚಲನೆ, ಆಕಾರ ನೋಡುತ್ತದೆ, ಮ್ಯುಟೇಶನ್ ಅಲ್ಲ. ಬೀಡಿ, ಗುಟ್ಕಾ ಬಿಟ್ಟರೆ ಎರಡೂವರೆ ಮೂರು ತಿಂಗಳಲ್ಲಿ ಹೊಸ ವೀರ್ಯಾಣು ಬರುತ್ತವೆ, ಸಂಖ್ಯೆ ಸುಧಾರಿಸಬಹುದು. ಮೂಲಕೋಶದ ಹಳೆಯ ತಪ್ಪು ಅಳಿಸುವುದಿಲ್ಲ. ಹೆಣ್ಣಿಗೆ ಗರ್ಭಕ್ಕೆ ಒಂದು ತಿಂಗಳಾದರೂ ಮೊದಲಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ವರ್ಷವಾದರೂ ಗರ್ಭ ನಿಲ್ಲದಿದ್ದರೆ ಇಬ್ಬರೂ ಒಟ್ಟಿಗೆ ತೋರಿಸಿ. ಐವಿಎಫ್‌ಗೆ (ಪ್ರನಾಳ ಶಿಶು ಚಿಕಿತ್ಸೆಗೆ) ನಮ್ಮ ದೇಶದ 2021ರ ಕಾನೂನಿನಲ್ಲಿ ಗಂಡಸಿನ ಮಿತಿ 55 ವರ್ಷ.