ಮೆಟ್ರೊ ಹತ್ತಿರದ ಮನೆ: ನಿಲ್ದಾಣಗಳ ಅಂತರವನ್ನು ಹೇಗೆ ಲೆಕ್ಕ ಹಾಕುತ್ತೀರಿ?

ದಾವಣಗೆರೆಯಿಂದ ಬೆಂಗಳೂರಿಗೆ ಬರುತ್ತಿರುವವರ ಪ್ರಶ್ನೆ

ಮುಂದಿನ ತಿಂಗಳು ನಾವು ಬೆಂಗಳೂರಿಗೆ ಮನೆ ಬದಲಾಯಿಸಬೇಕಾಗಿದೆ. ನನ್ನ ಕೆಲಸ ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ. ನನ್ನ ಹೆಂಡತಿಯ ಕಚೇರಿ ವಿಧಾನಸೌಧದ ಸಮೀಪ. ಇಬ್ಬರೂ ಮೆಟ್ರೊದಲ್ಲೇ ಓಡಾಡುವುದೆಂದು ನಿರ್ಧರಿಸಿ ವಿಜಯನಗರ, ಬನಶಂಕರಿ, ಕೋಣನಕುಂಟೆ ಕ್ರಾಸ್ ಹಾಗೂ ಕೆಂಗೇರಿಯ ಕಡೆ ಬಾಡಿಗೆ ಮನೆ ಹುಡುಕುತ್ತಿದ್ದೇವೆ. ನಕ್ಷೆಯಲ್ಲಿ ನಿಲ್ದಾಣಗಳೆಲ್ಲ ಪೋಣಿಸಿದ ಮಣಿಗಳಂತೆ ಒಂದೇ ಅಂತರದಲ್ಲಿ ಕಾಣುತ್ತವೆ. ವಾಸ್ತವದಲ್ಲಿ ಈ ಅಂತರ ಎಷ್ಟು, ಅದರಿಂದ ಪ್ರಯಾಣದ ಸಮಯವನ್ನು ಅಂದಾಜು ಮಾಡುವುದು ಹೇಗೆ ಎಂಬುದನ್ನು ದಿನವೂ ಓಡಾಡುವವರು ದಯವಿಟ್ಟು ತಿಳಿಸಿ.

ವಿಜಯನಗರದ ನಿವಾಸಿ

2016ರಲ್ಲಿ ಸುರಂಗ ಮಾರ್ಗ ಆರಂಭವಾದಂದಿನಿಂದ ನಾನು ನೇರಳೆ ಮಾರ್ಗದಲ್ಲಿ ಓಡಾಡುತ್ತಿದ್ದೇನೆ. ಮೊದಲು ಅಂಕಿಗಳನ್ನು ನೋಡೋಣ. ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗಿನ ನೇರಳೆ ಮಾರ್ಗದ ಉದ್ದ 43.49 ಕಿ.ಮೀ., ನಿಲ್ದಾಣಗಳು 37. ಮಾದಾವರದಿಂದ ರೇಷ್ಮೆ ಸಂಸ್ಥೆಯವರೆಗಿನ ಹಸಿರು ಮಾರ್ಗ 33.46 ಕಿ.ಮೀ., ನಿಲ್ದಾಣಗಳು 32. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ 19.15 ಕಿ.ಮೀ., ನಿಲ್ದಾಣಗಳು 16. ಸರಾಸರಿ ತೆಗೆಯುವಾಗ ಹಲವರು ಎಡವುವುದು ಇಲ್ಲೇ: ಹದಿನಾರು ನಿಲ್ದಾಣಗಳ ನಡುವೆ ಇರುವುದು ಹದಿನೈದು ಅಂತರಗಳು, ಆದ್ದರಿಂದ ಉದ್ದವನ್ನು ಹದಿನೈದರಿಂದ ಭಾಗಿಸಬೇಕು. ಹಾಗೆ ಮಾಡಿದರೆ ಹಳದಿ ಮಾರ್ಗದಲ್ಲಿ ಸುಮಾರು 1.28 ಕಿ.ಮೀ., ನೇರಳೆಯಲ್ಲಿ 1.21, ಹಸಿರಿನಲ್ಲಿ 1.08 ಕಿ.ಮೀ. ಬರುತ್ತದೆ.

ಆದರೆ ಈ ಸರಾಸರಿಯನ್ನು ನಂಬಿ ಮುಂಗಡ ಕೊಟ್ಟುಬಿಡಬೇಡಿ. ಹಸಿರು ಮಾರ್ಗದಲ್ಲಿ ಚಿಕ್ಕಪೇಟೆಯಿಂದ ಕೆ.ಆರ್. ಮಾರುಕಟ್ಟೆಗೆ ರೈಲು ಹೊರಟಿತೆನ್ನುವಷ್ಟರಲ್ಲಿ ಮುಂದಿನ ನಿಲ್ದಾಣದ ಘೋಷಣೆ ಕೇಳಿಸುತ್ತದೆ. ನೇರಳೆ ಮಾರ್ಗದ ಪಶ್ಚಿಮ ತುದಿಯಲ್ಲಿ ಕೆಂಗೇರಿ ಬಿಟ್ಟ ಮೇಲೆ ಚಲ್ಲಘಟ್ಟ ಬರುವವರೆಗೆ ಕಿಟಕಿಯಾಚೆ ನೋಡುತ್ತ ಕೂರಬಹುದು. ಪೇಟೆಯ ಒಳಗೆ ಅಂತರ ಕಡಿಮೆ, ಹೊರಕ್ಕೆ ಹೋದಂತೆ ಹೆಚ್ಚು ಎಂಬುದು ಸ್ಥೂಲವಾಗಿ ನಿಜ. ನಮ್ಮ ಬಡಾವಣೆಯಲ್ಲಿ ವಿಜಯನಗರದಿಂದ ಅತ್ತಿಗುಪ್ಪೆಗೆ ನಾನು ಸಂಜೆಯ ಹೊತ್ತು ನಡೆದೇ ಹೋಗುತ್ತೇನೆ. ಹದಿಮೂರು ಹದಿನಾಲ್ಕು ನಿಮಿಷ ಸಾಕು.

ವಿಜಯನಗರದಿಂದ ವಿಧಾನಸೌಧ ಆರನೆಯ ನಿಲ್ದಾಣ, ರೈಲು ಬದಲಿಸುವ ಅಗತ್ಯವಿಲ್ಲ. ನಿಮ್ಮ ಪತ್ನಿಯವರಿಗೆ ಬಹಳ ಅನುಕೂಲ. ನಿಮಗೆ ಮಾತ್ರ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೊಮ್ಮೆ, ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೊಮ್ಮೆ ಇಳಿದು ಹತ್ತುವ ಕೆಲಸ ಇರುತ್ತದೆ.

ಯಂತ್ರವಿಭಾಗದಲ್ಲಿ ದುಡಿದು ನಿವೃತ್ತನಾದವನು

ಕಿಲೋಮೀಟರಿಗಿಂತ ನಿಲ್ದಾಣಗಳ ಸಂಖ್ಯೆಯೇ ಸಮಯವನ್ನು ತೀರ್ಮಾನಿಸುತ್ತದೆ ಎಂಬುದು ನನ್ನ ಅಭಿಪ್ರಾಯ, ಕಾರಣ ಹೇಳುತ್ತೇನೆ. ನಮ್ಮ ಮೆಟ್ರೊ ಗಂಟೆಗೆ 80 ಕಿ.ಮೀ. ವೇಗದವರೆಗೆ ಓಡಬಲ್ಲದು. ನಿಂತಲ್ಲಿಂದ ಆ ವೇಗಕ್ಕೆ ಏರಲು ಸುಮಾರು ಕಾಲು ಕಿಲೋಮೀಟರ್, ಮತ್ತೆ ಇಳಿದು ನಿಲ್ಲಲು ಹೆಚ್ಚುಕಡಿಮೆ ಅಷ್ಟೇ ದೂರ ಬೇಕಾಗುತ್ತದೆ. ಒಂದು ಕಿಲೋಮೀಟರ್ ಅಂತರದಲ್ಲಿ ಅರ್ಧ ದಾರಿ ಏರುವುದಕ್ಕೂ ಇಳಿಯುವುದಕ್ಕೂ ಸಂದುಹೋದರೆ, ಪೂರ್ಣ ವೇಗಕ್ಕೆ ಉಳಿಯುವುದು ಇನ್ನರ್ಧ ಮಾತ್ರ. ತಿರುವುಗಳಿದ್ದಲ್ಲಿ ಅದೂ ಇಲ್ಲ. ಇದರ ಮೇಲೆ ಬಾಗಿಲು ತೆರೆದು ಮುಚ್ಚುವ ಅರ್ಧ ನಿಮಿಷದಷ್ಟು ಹೊತ್ತನ್ನು ಸೇರಿಸಿಕೊಳ್ಳಿ. ಆದ್ದರಿಂದಲೇ ನೇರಳೆ ಮಾರ್ಗದ ಈ ತುದಿಯಿಂದ ಆ ತುದಿಗೆ ಒಂದು ಗಂಟೆ ಇಪ್ಪತ್ತು ನಿಮಿಷದಷ್ಟು ಹಿಡಿಯುತ್ತದೆ. ಅಂದರೆ ಸರಾಸರಿ ವೇಗ ಗಂಟೆಗೆ 33 ಕಿ.ಮೀ. ಆಸುಪಾಸು. ಒಂದು ನಿಲ್ದಾಣಕ್ಕೆ ಎರಡು ನಿಮಿಷ, ಐದು ನಿಲ್ದಾಣಕ್ಕೊಮ್ಮೆ ಹೆಚ್ಚುವರಿ ಒಂದು ನಿಮಿಷ ಎಂದು ಲೆಕ್ಕ ಹಾಕಿ ನೋಡಿ, ಹೆಚ್ಚು ತಪ್ಪುವುದಿಲ್ಲ.

ನಿಲ್ದಾಣಗಳನ್ನು ದೂರದೂರ ಇಟ್ಟರೆ ರೈಲು ಬೇಗ ತಲುಪುತ್ತದೆ, ಆದರೆ ಜನ ನಿಲ್ದಾಣಕ್ಕೆ ಬರಲು ಹೆಚ್ಚು ನಡೆಯಬೇಕಾಗುತ್ತದೆ. ಕೆ.ಆರ್. ಪುರದಿಂದ ವಿಮಾನ ನಿಲ್ದಾಣಕ್ಕೆ ಯೋಜಿಸಿರುವ ನೀಲಿ ಮಾರ್ಗದ ಭಾಗದಲ್ಲಿ 38.44 ಕಿ.ಮೀ.ಗೆ 17 ನಿಲ್ದಾಣಗಳಿವೆ, ಅಂದರೆ ಅಲ್ಲಿ ಸರಾಸರಿ ಅಂತರ 2 ಕಿ.ಮೀ.ಗೂ ಮಿಗಿಲು. ಲಂಡನ್ನಿನ ಲೆಸ್ಟರ್ ಸ್ಕ್ವೇರ್‌ನಿಂದ ಕೋವೆಂಟ್ ಗಾರ್ಡನ್‌ಗೆ ಇರುವುದು ಸುಮಾರು 260 ಮೀಟರ್ ಅಷ್ಟೆ. ನಮ್ಮ ಆರು ಬೋಗಿಗಳ ಎರಡು ರೈಲುಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ ಆ ದೂರ ಮುಗಿದೇಹೋಗುತ್ತದೆ!

ಹೂಡಿಯಿಂದ

ಅಂತರದ ಬೆಲೆ ಏನೆಂದು ನನಗೆ ಅರ್ಥವಾದದ್ದು 2023ರಲ್ಲಿ. ಆ ವರ್ಷದ ಮಾರ್ಚಿನಲ್ಲಿ ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗಿನ 13.71 ಕಿ.ಮೀ. ಆರಂಭವಾಯಿತು, ಆದರೆ ಅಲ್ಲಿಂದ ಬೈಯಪ್ಪನಹಳ್ಳಿಯವರೆಗಿನ ಎರಡು ಕಿಲೋಮೀಟರಿನಷ್ಟು ದಾರಿ ಅಕ್ಟೋಬರ್ 9ರವರೆಗೆ ಬಾಕಿ ಉಳಿಯಿತು. ಹೂಡಿಯಲ್ಲಿ ಹತ್ತಿ ಕೆ.ಆರ್. ಪುರದಲ್ಲಿ ಇಳಿಯುವುದು ಲೆಕ್ಕಕ್ಕೇ ಇರಲಿಲ್ಲ; ಅಲ್ಲಿ ಮೆಟ್ಟಿಲಿಳಿದು, ಫೀಡರ್ ಬಸ್ಸಿಗೆ ಕಾದು, ತೂಗುಸೇತುವೆಯ ಬಳಿಯ ದಟ್ಟಣೆಯಲ್ಲಿ ನಿಂತು, ಬೈಯಪ್ಪನಹಳ್ಳಿಯಲ್ಲಿ ಮತ್ತೆ ಬ್ಯಾಗನ್ನು ತಪಾಸಣೆಗೆ ಕೊಟ್ಟು ಒಳಗೆ ಹೋಗುವಷ್ಟರಲ್ಲಿ ಕೆಲವು ದಿನ ಮುಕ್ಕಾಲು ಗಂಟೆ ಕಳೆದಿರುತ್ತಿತ್ತು. ಈಗ ಅದೇ ದಾರಿಯಲ್ಲಿ ಬೆನ್ನಿಗಾನಹಳ್ಳಿ ಎಂಬ ಒಂದೇ ನಿಲ್ದಾಣವಿದೆ; ಐದಾರು ನಿಮಿಷದಲ್ಲಿ ದಾಟಿಬಿಡುತ್ತೇವೆ. ಆದ್ದರಿಂದ ಒಟ್ಟು ಎಷ್ಟು ಕಿಲೋಮೀಟರ್ ಎಂಬುದಕ್ಕಿಂತ ನಡುವೆ ಎಷ್ಟು ಸಲ ಇಳಿದು ಹತ್ತಬೇಕು ಎಂಬುದನ್ನು ಮೊದಲು ನೋಡಿ.

ಎಲೆಕ್ಟ್ರಾನಿಕ್ ಸಿಟಿಗೆ ದಿನವೂ ಹೋಗುವವರು

2025ರ ಆಗಸ್ಟ್‌ನಲ್ಲಿ ಆರಂಭವಾದಂದಿನಿಂದಲೂ ಹಳದಿ ಮಾರ್ಗದಲ್ಲಿದ್ದೇನೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೂವತ್ತೈದು ನಿಮಿಷದಷ್ಟು ಆಗುತ್ತದೆ. ಆರಂಭದಲ್ಲಿ ಮೂರೇ ರೈಲುಗಳಿದ್ದು 25 ನಿಮಿಷಕ್ಕೊಂದು ಬರುತ್ತಿದ್ದವು. ಒಂದು ತಪ್ಪಿತೆಂದರೆ ಅರ್ಧಕ್ಕಿಂತ ಹೆಚ್ಚು ಮಾರ್ಗ ಮುಗಿಸುವಷ್ಟು ಹೊತ್ತು ಪ್ಲಾಟ್‌ಫಾರ್ಮಿನಲ್ಲೇ ಕಳೆಯಬೇಕಿತ್ತು. ಆಮೇಲೆ ರೈಲುಗಳು ಹೆಚ್ಚಿದಂತೆ ಕಾಯುವ ಹೊತ್ತು ಇಳಿಯುತ್ತ ಬಂತು. ನೀವು ಮನೆ ಗೊತ್ತುಮಾಡುವ ಮೊದಲು ನಿಮ್ಮ ಪಾಳಿಯ ಹೊತ್ತಿಗೆ ಎಷ್ಟು ನಿಮಿಷಕ್ಕೊಂದು ರೈಲಿದೆ ಎಂಬುದನ್ನು ನೋಡಿಕೊಳ್ಳಿ.

ಇನ್ನೊಂದು ವಿಷಯವೆಂದರೆ ಎತ್ತರ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 3.3 ಕಿ.ಮೀ. ಉದ್ದಕ್ಕೆ ಕೆಳಗೆ ಮೇಲ್ಸೇತುವೆ, ಅದರ ಮೇಲೆ ಮೆಟ್ರೊ ಎಂಬ ಎರಡು ಅಂತಸ್ತಿನ ಕಟ್ಟಡವಿದೆ. ಅಲ್ಲಿನ ನಿಲ್ದಾಣಗಳಲ್ಲಿ ರಸ್ತೆಯಿಂದ ಪ್ಲಾಟ್‌ಫಾರ್ಮಿಗೆ ಏರುವುದೇ ಒಂದು ಪ್ರಯಾಣ. ಮೆಜೆಸ್ಟಿಕ್‌ನಲ್ಲಿ ಇದು ತಿರುವುಮುರುವು: ನೇರಳೆ ಮಾರ್ಗದ ಪ್ಲಾಟ್‌ಫಾರ್ಮಿನ ಕೆಳಗಿನ ಅಂತಸ್ತಿನಲ್ಲಿ ಹಸಿರು ಮಾರ್ಗದ್ದಿದೆ. ಬೆಳಿಗ್ಗೆ ಒಂಬತ್ತು ಗಂಟೆಗೆ ಎಸ್ಕಲೇಟರಿನ ಬುಡದಲ್ಲಿ ಸಾಲು ನಿಂತಿರುವಾಗ ನಾನು ಮಾರ್ಗ ಬದಲಾವಣೆಗೆಂದೇ ಎಂಟು ನಿಮಿಷ ಎತ್ತಿಡುತ್ತೇನೆ. ಅಂದರೆ ನಾಲ್ಕು ನಿಲ್ದಾಣಗಳಿಗೆ ಸಮ.

ರಾಜಾಜಿನಗರದಿಂದ

ದರದ ಬಗ್ಗೆ ಯಾರೂ ಹೇಳಲಿಲ್ಲ. ಇಲ್ಲಿ ದರ ನಿರ್ಧಾರವಾಗುವುದು ದೂರದ ಹಂತಗಳ ಮೇಲೆ. 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಮೊದಲ 2 ಕಿ.ಮೀ.ಗೆ 10 ರೂಪಾಯಿ, ಗರಿಷ್ಠ 90 ರೂಪಾಯಿ ಎಂದಾಯಿತು. ಹಂತದ ಅಂಚಿನಲ್ಲಿರುವ ಮನೆಯಾದರೆ ಒಂದು ನಿಲ್ದಾಣ ಹಿಂದೆ ಮುಂದೆ ಆದರೂ ದರ ಬದಲಾಗುತ್ತದೆ. ಇಬ್ಬರ ಹೋಗಿಬರುವ ಖರ್ಚನ್ನು ತಿಂಗಳಿಗೆ ಗುಣಿಸಿ, ಬಾಡಿಗೆಯ ಜೊತೆ ಕೂಡಿಸಿ ಹೋಲಿಸಿ.

ಬನಶಂಕರಿಯ ಗೃಹಿಣಿ

ಮೇಲೆ ಹೇಳಿದವರೆಲ್ಲರೂ ನಿಲ್ದಾಣದಿಂದ ನಿಲ್ದಾಣಕ್ಕೆ ಲೆಕ್ಕ ಹಾಕಿದ್ದಾರೆ. ನಾನು ಹೊಸ್ತಿಲಿನಿಂದ ಲೆಕ್ಕ ಹಾಕುತ್ತೇನೆ. ನಮಗೆ ಮನೆ ತೋರಿಸಿದವರು ನಿಲ್ದಾಣ ಐನೂರು ಮೀಟರ್ ಎಂದಿದ್ದರು. ಅದು ಹಕ್ಕಿ ಹಾರುವ ದೂರ. ನಾವು ಎರಡು ಅಡ್ಡರಸ್ತೆ ಬಳಸಿ, ಮುಖ್ಯರಸ್ತೆ ದಾಟಿ ಹೋಗಬೇಕು, ಜೊತೆಗೆ ಅತ್ತೆಯವರಿಗೆ ಬೇಕಾದ ಲಿಫ್ಟ್ ಇರುವುದು ಆಚೆಯ ಬದಿಯಲ್ಲಿ. ನನ್ನ ನಡಿಗೆಗೆ ಹನ್ನೊಂದು ನಿಮಿಷ, ಅವರ ನಡಿಗೆಗೆ ಇಪ್ಪತ್ತು.

ಒಂದು ಸಣ್ಣ ಉಪಾಯವಿದೆ. ನಿಮ್ಮ ಮನೆ ಎರಡು ನಿಲ್ದಾಣಗಳ ನಡುವೆ ಇದ್ದರೆ ಹತ್ತಿರದ್ದಕ್ಕೇ ಹೋಗಬೇಕೆಂದಿಲ್ಲ. ನೀವು ಹೋಗಬೇಕಾದ ದಿಕ್ಕಿನ ನಿಲ್ದಾಣ ಎರಡು ಮೂರು ನಿಮಿಷ ಹೆಚ್ಚು ನಡಿಗೆಯಾದರೂ ರೈಲಿನಲ್ಲಿ ಒಂದು ನಿಲ್ದಾಣ ಉಳಿಯುತ್ತದೆ. ನಮ್ಮಿಂದ ಆರ್.ವಿ. ರಸ್ತೆ ಒಂದೇ ನಿಲ್ದಾಣ. ಹಾಗಾಗಿ ನಮ್ಮ ಯಜಮಾನರು ಬೆಳಿಗ್ಗೆ ಹಸಿರು ರೈಲು ಹತ್ತದೆ ನೇರವಾಗಿ ಆರ್.ವಿ. ರಸ್ತೆಗೇ ನಡೆದುಹೋಗಿ ಹಳದಿ ರೈಲು ಹಿಡಿಯುತ್ತಾರೆ. ಹಾಗೆ ಮಾಡಿದರೆ ಬೊಮ್ಮಸಂದ್ರದವರೆಗೆ ಎಲ್ಲೂ ಇಳಿಯುವುದೇ ಬೇಡ. ನಿಮ್ಮ ಪತ್ನಿಯವರು ಮೆಜೆಸ್ಟಿಕ್‌ಗೆ ಎಂಟು ನಿಲ್ದಾಣ ಬಂದು, ಅಲ್ಲಿ ಬದಲಿಸಿ ಎರಡನೆಯದರಲ್ಲಿ ಇಳಿಯಬಹುದು. ಇಬ್ಬರಿಗೂ ಹೊಂದುವ ಜಾಗ ಇದೇ ಎಂದು ನನಗನ್ನಿಸುತ್ತದೆ. ಬಾಡಿಗೆ ಹೆಚ್ಚೆನ್ನುವುದೂ ನಿಜ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನೀವು ಹೇಳಿದ ರೀತಿಯಲ್ಲೇ ಕುಳಿತು ಲೆಕ್ಕ ಹಾಕಿದೆವು. ಕೆಂಗೇರಿಯಿಂದ ಅವಳಿಗೆ ಹದಿನೈದು ನಿಲ್ದಾಣ, ಬದಲಾವಣೆಯಿಲ್ಲ. ನನಗೆ ಮೂವತ್ತೈದು ನಿಲ್ದಾಣ, ಎರಡು ಬದಲಾವಣೆ. ಅದನ್ನು ಕೈಬಿಟ್ಟೆವು. ಬನಶಂಕರಿಗೂ ಕೋಣನಕುಂಟೆ ಕ್ರಾಸ್‌ಗೂ ನಡುವೆ ಇರುವುದು ಮೂರೇ ನಿಲ್ದಾಣಗಳ ವ್ಯತ್ಯಾಸ, ಅಂದರೆ ಆರೇಳು ನಿಮಿಷ. ಬಾಡಿಗೆಯಲ್ಲಿ ಮಾತ್ರ ಬಹಳ ವ್ಯತ್ಯಾಸವಿದೆ. ಬರುವ ಭಾನುವಾರ ಕೋಣನಕುಂಟೆ ಕ್ರಾಸ್‌ನಲ್ಲಿ ಎರಡು ಮನೆ ನೋಡಲಿದ್ದೇವೆ. ನನ್ನ ತಾಯಿಯವರನ್ನೂ ಕರೆದುಕೊಂಡು ಬಂದು, ಮನೆಯ ಬಾಗಿಲಿನಿಂದ ಪ್ಲಾಟ್‌ಫಾರ್ಮಿನವರೆಗೆ ಅವರ ನಡಿಗೆಯಲ್ಲೇ ಒಮ್ಮೆ ಹೋಗಿ ನೋಡುತ್ತೇವೆ. ಅಲ್ಲಿ ಲಿಫ್ಟ್ ಯಾವ ಬದಿಯಲ್ಲಿದೆ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.