ಅಪ್‌ಡೇಟ್: ಕಪ್ಪಾಗಿದ್ದ ಪರದೆ ಬೆಳಗಿತು (ಕಾರವಾರ)

ಕಂಪ್ಯೂಟರಿನ ಫ್ಯಾನ್ ತಿರುಗುತ್ತದೆ, ಬೀಪ್ ಅನ್ನುತ್ತದೆ, ಪರದೆ ಕಪ್ಪು. ಕಂಪ್ಯೂಟರ್ ಶುರುವಾದ ದಿನವೂ ವೆಬ್‌ಸೈಟ್ ತೆರೆಯುವುದಿಲ್ಲ, ಬರವಣಿಗೆ ನಿಂತು ಒಂಟಿತನ ಕಾಡುತ್ತಿದೆ ಅಂತ ಹೋದ ವಾರ ಕೇಳಿದ್ದೆ. ಈಗ ಸರಿಯಾಗಿದೆ ಮಾರಾಯ್ರೇ.

ನೀವು ಕೊಟ್ಟ ಸಲಹೆಗಳಲ್ಲಿ ಗೆದ್ದದ್ದು ರಬ್ಬರಿನಿಂದ ಉಜ್ಜುವ ಸಲಹೆ. ಪ್ಲಗ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿದು, ಕ್ಲಿಪ್ ಬಿಡಿಸಿ, ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ‍್ಯಾಮ್ ಹೊರತೆಗೆದೆ. ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಂಕು ಪೊರೆ ಕೂತಿತ್ತು. ಸಮುದ್ರದ ಉಪ್ಪುಗಾಳಿ, ಮಳೆಗಾಲದ ತೇವ ಎರಡೂ ಸೇರಿ ಮಾಡುವ ಕೆಲಸ ಇದು. ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಸ್ಲಾಟಿನಿಂದ ದೂರ ಕೊಡವಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದೆ. ಪೂರ್ತಿ ಆರಿದ ಮೇಲೆ 'ಟಕ್' ಅನ್ನುವವರೆಗೆ ಒತ್ತಿ ಕೂರಿಸಿದೆ. ಮೊದಲ ಸಲಕ್ಕೇ ಪರದೆ ಬಂತು. ಕೇಬಲ್ ಬದಲಿಸಿದ್ದು, ಬ್ರೌಸರ್ ಮತ್ತೆ ಹಾಕಿದ್ದು ಉಪಯೋಗವಾಗಲಿಲ್ಲ.

ಗೊತ್ತೇ ಇಲ್ಲದ ಸಂಗತಿ: ವೆಬ್‌ಸೈಟ್ ತೆರೆಯದಿದ್ದಕ್ಕೆ ಕಾರಣ ನೆಟ್ ಅಲ್ಲ, ಕಂಪ್ಯೂಟರಿನ ಮುಖ್ಯ ಫಲಕವಾದ ಮದರ್‌ಬೋರ್ಡಿನ ಗಡಿಯಾರ ನಡೆಸುವ ಸಿಆರ್2032 ಬಟನ್ ಸೆಲ್. 3 ವೋಲ್ಟ್ ಇರಬೇಕಾದದ್ದು 2.4ಕ್ಕೆ ಇಳಿದಿತ್ತು. ಸೆಲ್ ಸತ್ತರೆ ಕರೆಂಟ್ ಹೋದಾಗಲೆಲ್ಲ ದಿನಾಂಕ ಹಳೇ ವರ್ಷಕ್ಕೆ ಜಾರುತ್ತದೆ. ಆಗ ಸೈಟು ಅಸಲಿ ಅಂತ ತೋರಿಸುವ ಸರ್ಟಿಫಿಕೇಟಿನ ಅವಧಿ ತಾಳೆಯಾಗದೆ ಬ್ರೌಸರ್ ತಡೆಯುತ್ತದೆ. ಹೊಸ ಸೆಲ್ ಹಾಕುವಾಗ ಪ್ಲಸ್ ಗುರುತು ಮೇಲಿರಲಿ, ಆಮೇಲೆ ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್ ಪುಟವಾದ ಬಯಾಸ್‌ನಲ್ಲಿ ದಿನಾಂಕ ಸರಿಮಾಡಿ.

ಒಂಟಿತನಕ್ಕೆ ಹೊಸ ವಾಟ್ಸಾಪ್ ಗುಂಪುಗಳು ಏನೂ ಮಾಡಲಿಲ್ಲ. ಸಂಜೆ ಒಬ್ಬರಿಗೆ ಫೋನ್ ಮಾಡಿ ಆ ದಿನ ಬರೆದ ಒಂದು ಪುಟ ಓದಿ ಹೇಳಿ ಅಂದವರ ಮಾತು ನಿಜಕ್ಕೂ ಕೈಹಿಡಿಯಿತು. ಹಾಗೆ ಫೋನ್ ಮಾಡುವವರ ನಂಬರುಗಳನ್ನು ಕಾಗದದಲ್ಲೂ ಬರೆದಿಡಿ.