ಪದ ಬೇಕು: ಜೆಫರ್ಸನ್ ಕಾಗದಗಳ ‘ಪ್ರೆಸ್ ಕಾಪಿ’, ‘ಪಾಲಿಗ್ರಾಫ್ ಕಾಪಿ’

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಬರೆದ ಕೆಲವು ಕಾಗದಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಶುಕ್ರವಾರ ಅಚ್ಚಿಗೆ ಕೊಡಬೇಕು. ಸುಮಾರು 19,000 ಕಾಗದ ಬರೆದ ಮನುಷ್ಯ. ಕಳಿಸಿದ್ದಕ್ಕೆ ತನ್ನ ಹತ್ತಿರ ಕಾಪಿ ಇಟ್ಟುಕೊಳ್ಳುವ ರೂಢಿ ಬೇರೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ 1950ರಿಂದ ಬರುತ್ತಿರುವ ಜೆಫರ್ಸನ್ ಕಾಗದಗಳ ಸಂಪುಟಗಳಲ್ಲಿ ಯಾವುದು ಯಾವ ಬಗೆಯ ಕಾಪಿ ಅಂತ ಗುರುತು ಹಾಕಿರುತ್ತಾರೆ. ಅದಕ್ಕೆ ಪದ ಬೇಕು.

ಪ್ರೆಸ್ ಕಾಪಿ: ಮಸಿಯಲ್ಲಿ ಬರೆದದ್ದರ ಮೇಲೆ ಒದ್ದೆ ಮಾಡಿದ ತೆಳು ಹಾಳೆ ಇಟ್ಟು ಒತ್ತುವುದು. ಅಕ್ಷರ ತಿರುಗಾಮುರುಗಾ ಮೂಡುತ್ತದೆ. ಹಾಳೆ ತೆಳು ಇರುವುದರಿಂದ ಹಿಂಬದಿಯಿಂದ ಸರಿಯಾಗಿ ಓದಬಹುದು. ಪಾಲಿಗ್ರಾಫ್: 1804ರಿಂದ ಬಳಸಿದ ಯಂತ್ರ. ಎರಡು ಪೆನ್ನು ಕೂಡಿಸಿರುತ್ತಾರೆ. ಒಂದರಲ್ಲಿ ಬರೆದರೆ ಇನ್ನೊಂದು ಪಕ್ಕದ ಹಾಳೆಯಲ್ಲಿ ಅದನ್ನೇ ಬರೆಯುತ್ತದೆ. ಎರಡಕ್ಕೂ ‘ನಕಲು’ ಸಾಕಾ?

---

‘ನಕಲು’ ಬೇಡವೇ ಬೇಡ. ಅರಬ್ಬಿ ಪದ. ಜನ ‘ಖೋಟಾ’ ಅಂತ ತಿಳಿಯುತ್ತಾರೆ. ‘ಪ್ರತಿ’ ಸಂಸ್ಕೃತ, ‘ಕಾಗದ’ ಪಾರಸಿ. ನಮ್ಮಲ್ಲಿ ‘ಓಲೆ’ ಇದೆ, ‘ಪಡಿ’ ಇದೆ. ‘ಪಡಿಯೋಲೆ’ ಎನ್ನಿ.

---

ಸರ್, ‘ಪಡಿ’ ಕೂಡ ‘ಪ್ರತಿ’ಯ ತದ್ಭವವೇ. ಕಿಟೆಲ್ ನಿಘಂಟು ನೋಡಿ. ಕೋರ್ಟಿನಲ್ಲಿ ನಕಲಿಗೆ ಅರ್ಜಿ ಹಾಕುವವರು ಯಾರೂ ಖೋಟಾ ಕೇಳುತ್ತಿಲ್ಲ. ಆದರೂ ಇಲ್ಲಿ ‘ನಕಲು’ ಸರಿಹೋಗಲ್ಲ, ಕಾರಣ ಬೇರೆ. ನಕಲು ಅಂದರೆ ಅಸಲನ್ನು ಮುಂದಿಟ್ಟುಕೊಂಡು ಆಮೇಲೆ ಮಾಡಿದ್ದು. ಪಾಲಿಗ್ರಾಫಿನ ಎರಡೂ ಹಾಳೆ ಒಂದೇ ಕೈ, ಒಂದೇ ಗಳಿಗೆಯವು. ಯಾವುದು ಅಸಲು, ಯಾವುದು ನಕಲು? ‘ಜೋಡಿ ಪ್ರತಿ’ ಅನ್ನಿ. ಪ್ರೆಸ್ ಕಾಪಿಗೆ ‘ಒತ್ತು ಪ್ರತಿ’. ‘ಪಾಲಿಗ್ರಾಫ್’ ಅಂತ ಸುಮ್ನೆ ಬಿಟ್ಟರೆ ಪೊಲೀಸರ ಸುಳ್ಳು ಪತ್ತೆ ಪರೀಕ್ಷೆ ಅಂದುಕೊಳ್ಳುತ್ತಾರೆ.

---

ಸರ್ಕಾರಿ ಪತ್ರಗಳ ಕೊನೆಗೆ ‘ಕಚೇರಿ ಪ್ರತಿ’ ಅಂತ ಇರುತ್ತದಲ್ಲ, ಅದನ್ನೇ ಹಾಕಿ. ಎಲ್ಲರಿಗೂ ಗೊತ್ತಿರುವ ಮಾತು.

---

ತದ್ಭವ ನಮ್ಮ ಬಾಯಲ್ಲಿ ಪಳಗಿದ್ದು, ತತ್ಸಮಕ್ಕೂ ಅದಕ್ಕೂ ಹೋಲಿಕೆ ಬೇಡ. ‘ಕಡತ’ ಅಂದರೆ ಏನಿತ್ತು? ಬಟ್ಟೆಗೆ ಹುಣಿಸೆ ಬೀಜದ ಅಂಟು, ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಮಡಿಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಬಟ್ಟೆ ಹೋಯಿತು, ಪದ ಫೈಲಿಗೆ ನಿಂತಿತು. ತಾಳೆಗರಿ ಹೋದರೆ ‘ಓಲೆ’ ಯಾಕೆ ಹೋಗಬೇಕು? ಬೇರೆ ನುಡಿಯಿಂದ ಪದ ಬೇಡುವ ಚಟ ಬಿಡಿ.

---

ಬೇಡುವುದಲ್ಲ, ಬಳಸುವುದು. ಮದುವೆಯ ಕರೆಯೋಲೆಗೆ ‘ಓಲೆ’ ಚೆನ್ನ. ರಾಜಕೀಯದ ಪತ್ರವ್ಯವಹಾರಕ್ಕೆ ಒಗ್ಗಲ್ಲ. ಇಷ್ಟೇ ನನ್ನ ಮಾತು.

---

ಧನ್ಯವಾದ. ‘ಕಚೇರಿ ಪ್ರತಿ’ ಹಿಡಿಸಿತು, ಆದರೆ 1809ರಲ್ಲಿ ಅಧಿಕಾರ ಬಿಟ್ಟ ಮೇಲೂ ಜೆಫರ್ಸನ್ ಮಾಂಟಿಸೆಲೊ ಮನೆಯಲ್ಲಿ ಪಾಲಿಗ್ರಾಫ್ ಇಟ್ಟುಕೊಂಡೇ ಬರೆಯುತ್ತಿದ್ದರು. ಅಲ್ಲಿ ಕಚೇರಿ ಎಲ್ಲಿ ಬಂತು? ‘ಒತ್ತು ಪ್ರತಿ’, ‘ಜೋಡಿ ಪ್ರತಿ’ ಹಾಕುತ್ತೇನೆ. ಎದುರಿನವರ ಕೈ ಸೇರಿದ್ದಕ್ಕೆ ‘ತಲುಪಿದ ಪ್ರತಿ’ ಅಂತ ಬರೆದಿದ್ದೇನೆ. ಬೇಡ ಅನ್ನುವವರು ಗುರುವಾರದೊಳಗೆ ಹೇಳಿ.